ರುಮಟಾಯ್ಡ್ ಸಂಧಿವಾತ: ರೋಗನಿರೋಧಕ ಕೋಶಗಳ ಪಾತ್ರ

ರುಮಟಾಯ್ಡ್ ಸಂಧಿವಾತವು ಕೀಲುಗಳ ಒಳಪೊರೆಯಲ್ಲಿ ದೀರ್ಘಕಾಲದ ಉರಿಯೂತ ಹುಟ್ಟಿಸಿ, ಕ್ರಮೇಣ ಮೃದ್ವಸ್ಥಿಯನ್ನೂ ಮೂಳೆಯನ್ನೂ ಸವೆಸುವ ಸ್ವನಿರೋಧಕ ರೋಗ. ತೆಳ್ಳಗಿರಬೇಕಾದ ಒಳಪೊರೆ ಟಿ ಕೋಶ, ಬಿ ಕೋಶ, ಮ್ಯಾಕ್ರೋಫೇಜ್‌ಗಳಿಂದ ತುಂಬಿ ದಪ್ಪವಾಗುತ್ತದೆ. ಕೀಲಿನ ದ್ರವದಲ್ಲಿ ನ್ಯೂಟ್ರೋಫಿಲ್‌ಗಳೇ ಹೆಚ್ಚು. ಆದರೆ ಒಂದು ಕೋಶ ಅಲ್ಲಿ ಕಂಡ ಮಾತ್ರಕ್ಕೆ ಹಾನಿಗೆ ಅದೇ ಕಾರಣ ಎನ್ನಲಾಗದು. ಅದನ್ನು ತಡೆದಾಗ ರೋಗ ತಗ್ಗುತ್ತದೆಯೇ ಎಂಬುದೇ ಗಟ್ಟಿಯಾದ ಪುರಾವೆ.

ಟಿ ಮತ್ತು ಬಿ ಕೋಶಗಳು

ಎಚ್‌ಎಲ್‌ಎ-ಡಿಆರ್‌ಬಿ1 ಜೀನಿನ ಕೆಲವು ರೂಪಗಳು ರೋಗದ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಈ ಜೀನಿನ ಪ್ರೋಟೀನು ಟಿ ಕೋಶಗಳಿಗೆ ಪೆಪ್ಟೈಡ್‌ಗಳನ್ನು ಒಡ್ಡುವಂಥದು. ಆದ್ದರಿಂದ ರೋಗದ ಆರಂಭದಲ್ಲಿ ಟಿ ಕೋಶಗಳ ಕೈವಾಡವಿದೆ ಎಂದು ಬಹುಮಟ್ಟಿಗೆ ಒಪ್ಪಲಾಗಿದೆ. ಆದರೂ 1990ರ ದಶಕದಲ್ಲಿ ಸಿಡಿ4 ಟಿ ಕೋಶಗಳ ಸಂಖ್ಯೆಯನ್ನೇ ಇಳಿಸಿದ ಪ್ರಯೋಗಗಳು ಫಲ ಕೊಡಲಿಲ್ಲ. ಅವುಗಳಿಗೆ ಸಿಗುವ ಪ್ರಚೋದನೆಯನ್ನು ಮಾತ್ರ ತಡೆಯುವ ಅಬಾಟಸೆಪ್ಟ್ ಔಷಧ ಮುಂದೆ ಯಶಸ್ವಿಯಾಯಿತು.

ಬಿ ಕೋಶಗಳ ವಂಶದಿಂದ ಬರುವ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯವನ್ನು ನಾರ್ವೆಯ ಎರಿಕ್ ವಾಲರ್ 1940ರಲ್ಲಿ ವರದಿ ಮಾಡಿದರು. ಸಿಟ್ರುಲಿನ್ ಸೇರಿದ ಪ್ರೋಟೀನುಗಳ ವಿರುದ್ಧದ ಪ್ರತಿಕಾಯಗಳು ಹಲವರಲ್ಲಿ ಕೀಲುನೋವಿಗೆ ವರ್ಷಗಳ ಮೊದಲೇ ರಕ್ತದಲ್ಲಿರುತ್ತವೆ. ಬಿ ಕೋಶಗಳನ್ನು ನಾಶಮಾಡುವ ರಿಟುಕ್ಸಿಮ್ಯಾಬ್ ಔಷಧವು, ಪ್ರತಿಕಾಯ ಸ್ರವಿಸುವ ಪ್ಲಾಸ್ಮಾ ಕೋಶಗಳನ್ನು ಮುಟ್ಟದಿದ್ದರೂ ರೋಗವನ್ನು ತಗ್ಗಿಸುತ್ತದೆ. ಬಿ ಕೋಶದ ಪಾತ್ರ ಪ್ರತಿಕಾಯಕ್ಕೆ ಸೀಮಿತವಲ್ಲ ಎಂಬುದಕ್ಕೆ ಇದು ಬಲವಾದ ಸೂಚನೆ.

ಮ್ಯಾಕ್ರೋಫೇಜ್ ಮತ್ತು ಟಿಎನ್‌ಎಫ್

ಉರಿಯೂತದ ಕೀಲಿನಲ್ಲಿ ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಮುಂತಾದ, ಕೋಶಗಳ ನಡುವೆ ಸಂದೇಶ ಒಯ್ಯುವ ಹಲವು ಸೈಟೊಕೈನ್‌ಗಳಿವೆ. ಒಂದನ್ನು ತಡೆದರೆ ಉಳಿದವು ಕೆಲಸ ಮುಂದುವರಿಸುತ್ತವೆ ಎಂಬುದು 1980ರ ದಶಕದಲ್ಲಿ ಅನೇಕರ ಊಹೆ. ಲಂಡನ್ನಿನಲ್ಲಿ ಫಿಯನೂಲಾ ಬ್ರೆನನ್, ಮಾರ್ಕ್ ಫೆಲ್ಡ್‌ಮನ್, ಲೂಧಿಯಾನದಲ್ಲಿ ಹುಟ್ಟಿದ ರವಿಂದರ್ ಮೈನಿ ಮತ್ತು ಸಂಗಡಿಗರು ರೋಗಿಗಳ ಕೀಲಿನಿಂದ ತೆಗೆದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಟಿಎನ್‌ಎಫ್ ಒಂದನ್ನೇ ಪ್ರತಿಕಾಯದಿಂದ ತಡೆದರು. ಇಂಟರ್‌ಲ್ಯೂಕಿನ್-1ರ ಉತ್ಪತ್ತಿಯೂ ಕುಸಿಯಿತು. 1989ರಲ್ಲಿ ಪ್ರಕಟವಾದ ಈ ಫಲಿತಾಂಶ ಸೈಟೊಕೈನ್‌ಗಳಲ್ಲಿ ಮೇಲುಕೀಳಿನ ಶ್ರೇಣಿಯಿದೆ ಎಂದು ತೋರಿಸಿತು. 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಆರಂಭವಾದ ಮೊದಲ ಪ್ರಯೋಗದಲ್ಲಿ 20 ರೋಗಿಗಳಿಗೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಕೊಡಲಾಯಿತು. ಊತ, ನೋವು ಬೇಗನೆ ಇಳಿದವು. ಟಿಎನ್‌ಎಫ್‌ನ ಮುಖ್ಯ ಮೂಲ ಮ್ಯಾಕ್ರೋಫೇಜ್. ಈ ರೋಗದ ಸಂಶೋಧನೆಯಲ್ಲಿ 1992ರ ಆ ಪ್ರಯೋಗಕ್ಕಿಂತ ಮಹತ್ವದ್ದು ಇನ್ನೊಂದಿಲ್ಲ ಎಂದರೆ ಅತಿಶಯವಾಗದು.

ಮ್ಯಾಕ್ರೋಫೇಜ್‌ಗಳೆಲ್ಲವೂ ಹಾನಿಕರವಲ್ಲ, ಒಳಪೊರೆಯಲ್ಲಿ ನೆಲೆಸಿರುವ ಕೆಲವು ಉರಿಯೂತವನ್ನು ಶಮನಗೊಳಿಸುತ್ತವೆ ಎಂದು ಈಚಿನ ಅಧ್ಯಯನಗಳು ಸೂಚಿಸುತ್ತವೆ. ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್‌ಗಳೂ ಮಾನೋಸೈಟ್ ವಂಶದವೇ.

ಟಿಎನ್‌ಎಫ್ ತಡೆಯುವುದರಲ್ಲಿ ಅಪಾಯವೂ ಇದೆ. ದೇಹದಲ್ಲಿ ಅಡಗಿರುವ ಕ್ಷಯದ ಬ್ಯಾಕ್ಟೀರಿಯಾವನ್ನು ಹಿಡಿದಿಡಲು ಮ್ಯಾಕ್ರೋಫೇಜ್‌ಗೆ ಟಿಎನ್‌ಎಫ್ ಬೇಕು. ಕ್ಷಯ ವ್ಯಾಪಕವಾಗಿರುವ ಭಾರತದಂಥ ದೇಶದಲ್ಲಿ ಟಿಎನ್‌ಎಫ್-ವಿರೋಧಿ ಚಿಕಿತ್ಸೆಗೆ ಮುನ್ನ ಸುಪ್ತ ಕ್ಷಯದ ತಪಾಸಣೆ ಅತ್ಯಗತ್ಯ.