69 ಹಳದಿ ನಕ್ಷತ್ರಗಳು

1941ರ ಸೆಪ್ಟೆಂಬರ್. ನಾಜಿ ಹಿಡಿತದ ಪ್ರಾಗ್ ನಗರದಲ್ಲಿ ಯಹೂದಿಗಳು ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಂಡೇ ಬೀದಿಗಿಳಿಯಬೇಕೆಂಬ ಆಜ್ಞೆ ಜಾರಿಗೆ ಬಂತು. ಶಾಲೆಗೆ ಹೊರಟ 13 ವರ್ಷದ ಪೆಟ್ರ್ ಗಿಂಜ್, ದಾರಿಯಲ್ಲಿ ನಕ್ಷತ್ರ ತೊಟ್ಟು ಕಂಡವರನ್ನು ಎಣಿಸಿ ಡೈರಿಯಲ್ಲಿ ಬರೆದಿಟ್ಟ: 69 ‘ಶೆರಿಫ್’ಗಳು, ಅಂದರೆ ಎದೆಗೆ ನಕ್ಷತ್ರದ ಬಿಲ್ಲೆ ತೊಡುವ ಅಮೆರಿಕದ ಪೊಲೀಸ್ ಅಧಿಕಾರಿಗಳು. ಅವನಿಗೆ ಅದಿನ್ನೂ ಒಂದು ಆಟ.

ಆಟ ಬಹಳ ದಿನ ನಡೆಯಲಿಲ್ಲ.

ಪೆಟ್ರ್‌ನ ತಂದೆ ಯಹೂದಿ, ತಾಯಿ ಅಲ್ಲ. ಇಂಥ ಮನೆಗಳ ಮಕ್ಕಳಿಗೆ 14 ತುಂಬಿದರೆ ಸಾಗಿಸುವ ಸರದಿ. 1942ರ ಅಕ್ಟೋಬರ್‌ನಲ್ಲಿ ಪೆಟ್ರ್ ಒಬ್ಬನೇ, ಯಹೂದಿಗಳನ್ನು ಕೂಡಿಹಾಕಿದ್ದ ತೆರೆಜಿನ್ ಘೆಟ್ಟೊ ಸೇರಿದ. ಅಲ್ಲಿ ಹುಡುಗರೊಂದಿಗೆ ‘ವೆದೆಮ್’ ಎಂಬ ಗುಪ್ತ ವಾರಪತ್ರಿಕೆ ಕಟ್ಟಿ ಅದರ ಸಂಪಾದಕನಾದ. ಇದ್ದದ್ದು ಒಂದೇ ಪ್ರತಿ. ಶುಕ್ರವಾರ ರಾತ್ರಿ ಗಟ್ಟಿಯಾಗಿ ಓದುತ್ತಿದ್ದರು. ಬದುಕುಳಿದ ಹುಡುಗನೊಬ್ಬ ಬಚ್ಚಿಟ್ಟಿದ್ದರಿಂದ ಸುಮಾರು 800 ಪುಟಗಳು ಉಳಿದವು. ಪೆಟ್ರ್ ಉಳಿಯಲಿಲ್ಲ. 1944ರಲ್ಲಿ ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ ಅವನನ್ನು ಕೊಂದರು. ಆಗ ಅವನಿಗೆ 16.

ಅವನ ಪೆನ್ಸಿಲ್ ಚಿತ್ರವೊಂದರಲ್ಲಿ ಚಂದ್ರನ ಚೂಪು ಬೆಟ್ಟಗಳಾಚೆ ಭೂಮಿ ತೇಲುತ್ತಿದೆ. ಇಸ್ರೇಲಿನ ಗಗನಯಾತ್ರಿ ಇಲಾನ್ ರಮೋನ್ ಅದರ ಪ್ರತಿಯನ್ನು ಕೊಲಂಬಿಯಾ ನೌಕೆಯಲ್ಲಿ ಒಯ್ದಿದ್ದರು. ಜೊತೆಯಲ್ಲಿ ಕಲ್ಪನಾ ಚಾವ್ಲಾ ಇದ್ದರು. ನೌಕೆ ಛಿದ್ರವಾದ 2003ರ ಫೆಬ್ರುವರಿ 1, ಪೆಟ್ರ್‌ನ 75ನೇ ಹುಟ್ಟುಹಬ್ಬ. ಆ ಸುದ್ದಿಯ ಜೊತೆ ಅವನ ಚಿತ್ರದ ವಿಷಯವೂ ಹರಡಿದ ಬೆನ್ನಲ್ಲೇ ಪ್ರಾಗ್‌ನ ಮನೆಯೊಂದರಿಂದ ಕೆಲವು ಹಳೆಯ ನೋಟ್‌ಬುಕ್‌ಗಳು ಹೊರಬಂದವು. ‘ಶೆರಿಫ್’ಗಳ ಲೆಕ್ಕ ಬರೆದ ಡೈರಿ ಅವುಗಳಲ್ಲೇ ಇತ್ತು.