ಬುನ್ಯಾ ಮರಗಳ ನೆಲ: ಮಲೇನಿ

ನೀವು ನಿಂತಿರುವುದು ಕ್ವೀನ್ಸ್‌ಲ್ಯಾಂಡಿನ ಬ್ಲ್ಯಾಕಾಲ್ ಬೆಟ್ಟಸಾಲಿನ ಮೇಲೆ. ಇದು ಜಿನಿಬಾರಾ ಮತ್ತು ಕಬಿ ಕಬಿ ಜನರ ನೆಲ. ಮಲೇನಿ ಹೈನುಗಾರಿಕೆಯ ಊರೆಂದು ಹೆಸರಾದದ್ದು ತೀರಾ ಈಚೆಗೆ.

ಚೂಪುಮೊನೆಯ ಎಲೆ, ಗುಮ್ಮಟದಂಥ ತಲೆಯ ಈ ಎತ್ತರದ ಮರವೇ ಬುನ್ಯಾ. ಇದರ ಕಾಯಿ 10 ಕಿಲೋವರೆಗೂ ತೂಗುತ್ತದೆ. ಹಲಸಿನ ತೊಳೆಯಂತೆ ಇಲ್ಲಿಯೂ ಒಂದೊಂದು ಪದರದೊಳಗೆ ಒಂದೊಂದು ಬೀಜ. ಕೆಂಡದಲ್ಲಿ ಸುಟ್ಟರೆ ಸಿಪ್ಪೆ ಬಿರಿದು, ಒಳಗಿನ ತಿರುಳು ಹಿಟ್ಟಾಗಿ ನವಿರಾಗುತ್ತದೆ.

ಸುಮಾರು ಮೂರು ವರ್ಷಕ್ಕೊಮ್ಮೆ ಮರ ತುಂಬ ಕಾಯಿ. ಆಗ ದೂತರು ಸುದ್ದಿ ಒಯ್ಯುತ್ತಿದ್ದರು. ದೂರದೂರದ ಬಳಗಗಳು ನಡೆದು ಬಂದು ಸಮೀಪದ ಬರೂನ್ ಪಾಕೆಟ್ ಕಣಿವೆಯಲ್ಲಿ ಸೇರುತ್ತಿದ್ದವು. ಅಲ್ಲಿ ಸಂಬಂಧಗಳು ಕುದುರುತ್ತಿದ್ದವು, ವ್ಯಾಜ್ಯಗಳು ಬಗೆಹರಿಯುತ್ತಿದ್ದವು. ವಸ್ತುಗಳಂತೆಯೇ ಹಾಡುಗಳೂ ಕೈಬದಲಾಗುತ್ತಿದ್ದವು. ಇದನ್ನು ಬರೀ ಹಬ್ಬ ಎಂದರೆ ಸಾಲದು. ಇದು ಒಂದು ದೊಡ್ಡ ಸೀಮೆಯ ನ್ಯಾಯಸಭೆಯೂ ಆಗಿತ್ತು.

ಬುನ್ಯಾ ಬೆಳೆಯುವ ಕಾಡಿನಲ್ಲಿ ವಲಸಿಗರು ನೆಲೆಸಬಾರದು, ಮರ ಕಡಿಯಬಾರದು ಎಂದು 1842ರಲ್ಲಿ ಗವರ್ನರ್ ಗಿಪ್ಸ್ ಆದೇಶಿಸಿದರು. 1860ರಲ್ಲಿ ಆ ರಕ್ಷಣೆ ತೆಗೆದುಹಾಕಲಾಯಿತು. ಕೊಡಲಿಗಳು ಬಂದವು, ಜನರನ್ನು ಅವರ ನೆಲದಿಂದಲೇ ಹೊರಗಟ್ಟಲಾಯಿತು. ಆ ಕಣಿವೆಯಲ್ಲಿ ಈಗ ಜಲಾಶಯವಿದೆ. ಜಿನಿಬಾರಾ ಜನರ ಭೂಹಕ್ಕನ್ನು ನ್ಯಾಯಾಲಯ ಮನ್ನಿಸಿದ್ದು 2012ರಲ್ಲಿ, ಕಬಿ ಕಬಿ ಜನರದ್ದನ್ನು 2024ರಲ್ಲಿ. ಎಷ್ಟು ತಲೆಮಾರು ಕಾಯಬೇಕಾಯಿತು!

ದಕ್ಷಿಣಕ್ಕೆ ಕಾಣುವವು ಗ್ಲಾಸ್‌ಹೌಸ್ ಬೆಟ್ಟಗಳು. ಇಲ್ಲಿಯವರ ಕಥನದಲ್ಲಿ ಅವು ಒಂದೇ ಕುಟುಂಬ: ತಂದೆ ಟಿಬ್ರೊಗಾರ್ಗನ್, ತಾಯಿ ಬೀರ್‌ವಾ, ಸುತ್ತ ಮಕ್ಕಳು. ತಾಯಿ ಬೆಟ್ಟವನ್ನು ದಯವಿಟ್ಟು ಹತ್ತಬೇಡಿ. ಇಲ್ಲಿಂದಲೇ ಕಣ್ತುಂಬ ನೋಡಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬುನ್ಯಾ ಕಾಯಿ ಉದುರುವ ಕಾಲ. ಮರದ ಕೆಳಗೆ ನಿಲ್ಲಬೇಡಿ.