ಮರಣಶಾಸನವಿಲ್ಲದ ಮನೆಯ ದಾಯವಿಭಾಗ

ತಂದೆಯು ಮರಣಶಾಸನವನ್ನು ಬರೆದಿಡದೆ ಕಾಲಾಧೀನನಾದರೆ ಅವನ ಸ್ವತ್ತು ಯಾರಿಗೆ, ಎಷ್ಟೆಷ್ಟು ಸಲ್ಲತಕ್ಕದ್ದು? ಈ ಪ್ರಶ್ನೆಗೆ ಭರತಖಂಡದ ಬಹುಭಾಗವು ಮನ್ನಿಸಿದ ಉತ್ತರವು ಕನ್ನಡನಾಡಿನಲ್ಲಿಯೇ ರೂಪುಗೊಂಡಿತೆಂಬುದು ವಾಚಕಮಹಾಶಯರಿಗೆ ಅಭಿಮಾನದ ಸಂಗತಿಯಾಗಿರುವುದು.

1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗ ಬೀದರ ಜಿಲ್ಲೆಗೆ ಸೇರಿದ ಕಲ್ಯಾಣಪಟ್ಟಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಪಿತೃಪೈತಾಮಹದ್ರವ್ಯದಲ್ಲಿ ಪುತ್ರನಿಗೆ ಜನ್ಮದಿಂದಲೇ ಸ್ವತ್ವವುಂಟಾಗುವುದೆಂಬುದು ಅವನ ಸಿದ್ಧಾಂತ. ವಂಗದೇಶದ ಜೀಮೂತವಾಹನನಾದರೋ ತಂದೆಯ ಸ್ವತ್ವವು ಅಳಿದ ಮೇಲೆಯೇ ಮಕ್ಕಳ ಸ್ವತ್ವವೆಂದು ತನ್ನ ದಾಯಭಾಗದಲ್ಲಿ ಸಾಧಿಸಿದನು. ಈ ಎರಡು ಗ್ರಂಥಗಳ ದಾಯಪ್ರಕರಣಗಳನ್ನೂ ಕೋಲ್‌ಬ್ರೂಕ್ ಎಂಬ ಆಂಗ್ಲ ಪಂಡಿತನು 1810ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದನು. ನ್ಯಾಯಸ್ಥಾನಗಳು ಅವನ್ನೇ ಆಧರಿಸಿ ತೀರ್ಪು ಕೊಡತೊಡಗಿದವು.

ತಂದೆತಾಯಿಗಳ ತರುವಾಯ ಮಕ್ಕಳು ಧನವನ್ನು ಹಂಚಿಕೊಳ್ಳುವಂತೆ ಋಣವನ್ನೂ ಸಮನಾಗಿ ಹೊರತಕ್ಕದ್ದೆಂಬುದು ಸ್ಮೃತಿಯ ವಿಧಿ. ತಾಯಿಗೆ ಪುತ್ರರಿಗೆ ಸಮನಾದ ಅಂಶ. ಅವಿವಾಹಿತೆಯಾದ ಮಗಳಿಗೆ ಪುತ್ರಾಂಶದ ಕಾಲುಪಾಲು. ತಾಯಿಯ ಸ್ತ್ರೀಧನವು ಮೊದಲು ಹೆಣ್ಣುಮಕ್ಕಳಿಗೆ. ಜ್ಯೇಷ್ಠನಿಗೆ ಹೆಚ್ಚಿನ ಪಾಲೆಂಬ ಮಾತು ಶಾಸ್ತ್ರದಲ್ಲಿಯೇ ಇದ್ದರೂ, ಲೋಕಕ್ಕೆ ಹೇಯವಾದುದರಿಂದ ಆಚರಿಸಕೂಡದೆಂದು ವಿಜ್ಞಾನೇಶ್ವರನು ನಿರ್ಭಯವಾಗಿ ನುಡಿದನು. ಶಾಸ್ತ್ರವನ್ನು ಲೋಕದ ನ್ಯಾಯಬುದ್ಧಿಯಿಂದ ತೂಗಿ ನೋಡಿದ ಧೀರತನವಿದು.

ಆದರೂ ಪುತ್ರರಿರುವಲ್ಲಿ ಮದುವೆಯಾದ ಮಗಳಿಗೆ ತಂದೆಯ ಸ್ವತ್ತಿನಲ್ಲಿ ಪಾಲಿರಲಿಲ್ಲ. ಆ ಕೊರತೆಯು 1956ರ ಹಿಂದೂ ಉತ್ತರಾಧಿಕಾರ ಶಾಸನದಿಂದ ಬಹುಮಟ್ಟಿಗೆ ನೀಗಿತು. ತಂದೆಯ ಸ್ವಯಾರ್ಜಿತದಲ್ಲಿ ಮಗನಿಗೂ ಮಗಳಿಗೂ ಸಮಾನಾಂಶವು ದೊರೆಯಿತು. ಪಿತ್ರಾರ್ಜಿತದಲ್ಲಿ ಮಗಳಿಗೆ ಜನ್ಮಸಿದ್ಧವಾದ ಹಕ್ಕನ್ನು ಕರ್ನಾಟಕವು 1994ರಲ್ಲಿ ಅವಿವಾಹಿತೆಯರಿಗೆ ಕೊಟ್ಟಿತು. 2005ರ ತಿದ್ದುಪಡಿಯು ವಿವಾಹಿತೆಯರಿಗೂ ವಿಸ್ತರಿಸಿತು. ಕಲ್ಯಾಣದ ಆಚಾರ್ಯನು ಪುತ್ರನಿಗೆ ಹೇಳಿದ ಜನ್ಮಸ್ವತ್ವವೇ ಕಟ್ಟಕಡೆಗೆ ಪುತ್ರಿಗೂ ಸಂದಿತೆನ್ನಬಹುದು.

ಇನ್ನು ಸ್ವಂತದ ಒಂದು ಮಾತನ್ನು ಹೇಳದಿದ್ದರೆ ಈ ಲೇಖನವು ಬರಿಯ ಪಾಂಡಿತ್ಯವಾದೀತು. ನಮ್ಮ ತೀರ್ಥರೂಪರು 1988ರಲ್ಲಿ ಮರಣಶಾಸನವಿಲ್ಲದೆ ದಿವಂಗತರಾದರು. ಮಾತೃಶ್ರೀಯವರು ಮೊದಲೇ ತೀರಿಕೊಂಡಿದ್ದರು. ತಂದೆಯವರು ಸಂಬಳದಲ್ಲಿ ಉಳಿಸಿ ಕೊಂಡ ಒಂದು ಮನೆ, ಎರಡು ಎಕರೆ ಜಮೀನು. ಮಕ್ಕಳು ನಾವು ಮೂವರು, ಅಕ್ಕ, ನಾನು, ತಮ್ಮ. ಶಾಸನದ ಪ್ರಕಾರ ತಲಾ ಮೂರರಲ್ಲೊಂದು ಪಾಲು. ವೈಕುಂಠಸಮಾರಾಧನೆಯ ಮರುದಿನ ನಾನು ಮಿತಾಕ್ಷರೆಯನ್ನು ಉದಾಹರಿಸಿ, ವಿವಾಹಿತೆಗೆ ಪಾಲಿಲ್ಲವೆಂದು ಅಕ್ಕನಿಗೆ ಬೋಧಿಸಿದೆನು. ಆಕೆ ಎದುರಾಡದೆ ಹಕ್ಕುಬಿಡುಗಡೆಯ ಪತ್ರಕ್ಕೆ ರುಜು ಹಾಕಿ, ಅಮ್ಮನ ಹಿತ್ತಾಳೆಯ ದೀಪವೊಂದನ್ನು ಮಾತ್ರ ಕೇಳಿ ತೆಗೆದುಕೊಂಡು ಹೋದಳು. ಪೌತಿಖಾತೆಯು ನಮ್ಮಿಬ್ಬರ ಹೆಸರಿಗಾಯಿತು.

ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಅಂದು ಅರ್ಧ ಪಾಠವನ್ನಷ್ಟೇ ಓದಿದ್ದೆನು. ಗ್ರಂಥದ ವಾಕ್ಯವನ್ನು ಹಿಡಿದೆನು. ಲೋಕಕ್ಕೆ ಹೇಯವಾದುದನ್ನು ಬಿಡಬೇಕೆಂಬ ಗ್ರಂಥಕಾರನ ವಿವೇಕವನ್ನು ಬಿಟ್ಟೆನು. ಅಕ್ಕನು ಇನ್ನೂ ಇದ್ದಾಳೆ. ತಮ್ಮನೊಡನೆ ಮಾತನಾಡಿದ್ದೇನೆ, ಅವನೂ ಒಪ್ಪಿದ್ದಾನೆ. ಬರುವ ತಿಂಗಳು ಆಕೆಯ ಪಾಲನ್ನು ದಾನಪತ್ರದ ಮೂಲಕ ಒಪ್ಪಿಸುವವರಿದ್ದೇವೆ. ಕಾಗದಕ್ಕೆ ಅದು ದಾನವೆಂಬ ಹೆಸರು, ವಾಸ್ತವದಲ್ಲಿ ಋಣ. ಧನದೊಡನೆ ಋಣವನ್ನೂ ಹಂಚಿಕೊಳ್ಳಬೇಕೆಂಬ ವಿಧಿಯ ಅರ್ಥವು ನನಗೆ ತಡವಾಗಿ ತಿಳಿಯಿತು.